ಎರಡು ತಾಟಿನ ವರ್ಷ

ಅಕ್ಕನ ಊರು ಹೆಬ್ಬಳ್ಳಿಯಿಂದ ಬಂದ ಜೋಳದ ಚೀಲ ಈ ಸಲ ದಾರಿಯಲ್ಲಿ ಮಳೆಗೆ ಸಿಕ್ಕಿತ್ತು. ಅಡುಗೆಮನೆಯಲ್ಲಿ ಅದರ ಬಾಯಿ ಬಿಚ್ಚಿದೆ, ಮುಗ್ಗಲು ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಬಿಸಿಲಿಗೆ ಹರವಿದರೆ ಸರಿಹೋಗುತ್ತದೆ ಎಂದಳು ಸೊಸೆ. ಅದು ನನಗೂ ಗೊತ್ತು. ಆದರೆ ಆ ವಾಸನೆ ಬಂತೆಂದರೆ ಈ ವಯಸ್ಸಿನಲ್ಲೂ ನನ್ನ ಕೈಕಾಲು ತಣ್ಣಗಾಗುತ್ತವೆ. ಹಗೇವಿನ ಜೋಳದ ವಾಸನೆ ಅದು. ನೆಲದೊಳಗೆ ಕಾಳು ತುಂಬಿ ಮೇಲೆ ಕಲ್ಲು ಹಾಕಿ ಮಣ್ಣು ಮುಚ್ಚುತ್ತಿದ್ದ ಆ ಹಗೇವುಗಳು ಈಗ ಊರಲ್ಲಿ ಒಂದೂ ಉಳಿದಿಲ್ಲ. ವಾಸನೆ ಮಾತ್ರ ನನ್ನ ಮೂಗಿನಲ್ಲಿ ಉಳಿದಿದೆ.

ಹುಬ್ಬಳ್ಳಿಯ ದೇಶಪಾಂಡೆ ನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಅದೇ ಹೊತ್ತಿಗೆ ಮೊಮ್ಮಕ್ಕಳು ಟಿವಿ ಮುಂದೆ ಕುಳಿತಿದ್ದರು. "ಅಜ್ಜಿ, ಲಗೂ ಬಾ, ಭಾರಿ ಹೆದರಿಕಿ ಸಿನಿಮಾ ಐತಿ" ಎಂದು ಮೊಮ್ಮಗಳು ಕೈಹಿಡಿದು ಎಳೆದೊಯ್ದಳು. ಯಾವುದೋ ಹಳ್ಳಿ, ಹೊಲದ ನಡುವೆ ಒಂದು ಮನೆ, ಒಂದೇ ಮುಖದ ಇಬ್ಬರು ಮಕ್ಕಳು. ಒಬ್ಬ ಸತ್ತಿದ್ದಾನಂತೆ, ಇನ್ನೊಬ್ಬ ಅವನನ್ನು ಇನ್ನೂ ಜೊತೆಗೆ ಕರೆದುಕೊಂಡು ತಿರುಗುತ್ತಾನಂತೆ. ಸ್ವಲ್ಪ ಹೊತ್ತು ನೋಡಿ ಎದ್ದು ಬಂದೆ. ಹೆದರಿಸುವ ಮೊದಲು ಸಿನಿಮಾದವರು ಪಿಟೀಲು ಬಾರಿಸಿ ಎಚ್ಚರಿಸುತ್ತಾರೆ, ಪುಣ್ಯಾತ್ಮರು. ನಮ್ಮ ಅಕ್ಕನ ಮನೆಯಲ್ಲಿ ಯಾರೂ ಏನೂ ಬಾರಿಸಲಿಲ್ಲ. ಊಟಕ್ಕೆ ಕರೆದರು, ಅಷ್ಟೆ.

ಚೀಲ ತಂದವನು ನನ್ನ ಅಕ್ಕನ ಮಗ ಚೆನ್ನಪ್ಪ. ಅದನ್ನು ಇಳಿಸಿ, ಪಂಪಿನ ಸಾಮಾನು ತರುತ್ತೇನೆಂದು ಪೇಟೆಗೆ ಹೋಗಿದ್ದ. ಊಟಕ್ಕೆ ಬರುವವನಿದ್ದ. ನಾನು ಹಿಟ್ಟು ನಾದುತ್ತ ಕುಳಿತೆ.

ಅದು ಅರವತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಧಾರವಾಡದಲ್ಲಿ ಮ್ಯಾಟ್ರಿಕ್ ಪರೀಕ್ಷೆ ಬರೆದು ಕುಳಿತಿದ್ದೆ. ಮುಂದೆ ಕಾಲೇಜೋ ಮದುವೆಯೋ ಎಂದು ಅಪ್ಪ ಅವ್ವ ತೀರ್ಮಾನಿಸುವವರೆಗೆ ಹೆಬ್ಬಳ್ಳಿಯಲ್ಲಿ ಅಕ್ಕನ ಕೈಗೆ ಆಸರೆಯಾಗಿರು ಎಂದು ಕಳಿಸಿದರು. ಅಕ್ಕ ನೀಲಮ್ಮನಿಗೆ ಸೊಂಟನೋವು. ಭಾವ ರುದ್ರಪ್ಪ ಮಾತು ಕಡಿಮೆಯ ರೈತ, ಮುಂಜಾನೆ ಹೊಲಕ್ಕೆ ಹೋದರೆ ಸಂಜೆಗೇ ಬರುವವರು. ಭಾವನ ತಾಯಿಯನ್ನು ಊರೆಲ್ಲ ಆಯಿ ಎಂದೇ ಕರೆಯುತ್ತಿತ್ತು. ಹಣೆತುಂಬ ವಿಭೂತಿ, ಬಾಯಿತುಂಬ ಎಲೆಅಡಿಕೆ, ಮನೆಯ ಕಾರುಬಾರೆಲ್ಲ ಆಕೆಯದೇ. ಇವರ ನಡುವೆ ಬಸು ಮತ್ತು ಚೆನ್ನು, ಎಂಟು ವರ್ಷದ ಅವಳಿಗಳು.

ಅವಳಿಗಳ ವಿಷಯದಲ್ಲಿ ಆಯಿಯದು ಒಂದೇ ಕಾಯಿದೆ. ಒಬ್ಬನಿಗೆ ಮಾಡಿದ್ದು ಇನ್ನೊಬ್ಬನಿಗೂ ಆಗಬೇಕು. ಬಸುವಿಗೆ ಜ್ವರ ಬಂದರೆ ಕಷಾಯ ಚೆನ್ನುವಿಗೂ. ಒಂದೇ ಬಟ್ಟೆಯಲ್ಲಿ ಎರಡು ಅಂಗಿ. ಚೆನ್ನು ತಂಟೆ ಮಾಡಿ ಏಟು ತಿಂದರೆ ಏನೂ ಮಾಡದ ಬಸುವಿನ ಬೆನ್ನಿಗೂ ಒಂದು. ಇಲ್ಲವಾದರೆ ಹಿಂದೆ ಬಿದ್ದವನಿಗೆ ಹೊಟ್ಟೆಕಿಚ್ಚಾಗಿ ಮುಂದಿನವನನ್ನು ಜಗ್ಗುತ್ತಾನೆ ಎಂಬುದು ಆಕೆಯ ನಂಬಿಕೆ. "ಹಂಗಾರ ಒಬ್ಬಾಂವ ಪಾಸಾದ್ರ ಇಬ್ಬರೂ ಪಾಸ್ ಏನ್ರಿ ಆಯಿ?" ಎಂದು ನಾನು ಚೇಷ್ಟೆ ಮಾಡಿದರೆ, "ಮಾಸ್ತರಗ ಬುದ್ಧಿ ಇದ್ರ ಹಂಗ ಮಾಡ್ತಾನ ನೋಡವಾ" ಎನ್ನುತ್ತಿದ್ದರು. ಆಗ ಎಲ್ಲರೂ ನಗುತ್ತಿದ್ದೆವು.

ಮುಖ ನೋಡಿ ಇಬ್ಬರನ್ನು ಗುರುತಿಸುವುದು ಹೆತ್ತವಳಿಗೂ ಕಷ್ಟವಿತ್ತು. ನಾನು ಊಟದಲ್ಲಿ ಗುರುತಿಸುತ್ತಿದ್ದೆ. ಚೆನ್ನು ಮಜ್ಜಿಗೆ ಎಂದರೆ ಪ್ರಾಣ ಬಿಡುವವನು, ಲೋಟ ಬಾಯಿಗಿಟ್ಟರೆ ತಳ ಕಾಣುವವರೆಗೆ ಇಳಿಸುತ್ತಿರಲಿಲ್ಲ. ಬಸುವಿಗೆ ಅದರ ವಾಸನೆ ಬಂದರೆ ಓಕರಿಕೆ. ಚೆನ್ನುವಿನ ದನಿ ಊರಬಾಗಿಲ ಅಗಸೆಯವರೆಗೆ ಕೇಳುತ್ತಿತ್ತು. ಬಸು ಅಂಗಿಯ ಕಾಲರು ಕಚ್ಚಿಕೊಂಡು ಮೆಲ್ಲಗೆ ಮಾತಾಡುತ್ತಿದ್ದ, ಸಂಜೆ ನನ್ನ ಸೆರಗು ಹಿಡಿದು ಬಾವಿಗೆ ಬರುತ್ತಿದ್ದ. ಅವನೆಂದರೆ ನನಗೆ ಒಂದು ತೂಕ ಹೆಚ್ಚೇ ಇತ್ತು. ಅಕ್ಕನಿಗೆ ಚೆನ್ನು. ಆಕೆ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಚೆನ್ನು ಒಳಗೆ ಬಂದರೆ ಆಕೆಯ ಸೊಂಟನೋವು ಅರ್ಧ ಇಳಿಯುತ್ತಿತ್ತು.

ಮುಂಗಾರಿಗೆ ಮೊದಲು ಮನೆ ಮುಂದಿನ ಹಗೇವು ತೆಗೆದರು. ಹೋದ ವರ್ಷ ಅರ್ಧ ಖಾಲಿ ಮಾಡಿ ಮುಚ್ಚಿದ್ದು ಅದು. ಕಲ್ಲು ಸರಿಸಿದರೆ ಒಳಗಿನಿಂದ ಬಿಸಿ ಝಳ ಬರುತ್ತದೆ. ಆ ಝಳದಲ್ಲಿ ಮನುಷ್ಯ ಬದುಕುವುದಿಲ್ಲ. ಅದಕ್ಕೇ ಬಾಯಿ ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ, ದೀಪ ಆರಲಿಲ್ಲವೆಂದರೆ ಮಾತ್ರ ಆಳು ಇಳಿಯಬೇಕು. ಊರಿನ ಕೂಸಿಗೂ ಗೊತ್ತಿದ್ದ ಸಂಗತಿ ಇದು. ಏಣಿ ಇಳಿಬಿಟ್ಟು, ಬಾಯಿಗೆ ಮುಳ್ಳುಕಂಟಿ ಮುಚ್ಚಿ ಗಂಡಸರು ಊಟಕ್ಕೆ ಕುಳಿತಿದ್ದರು. ಅವಳಿಗಳು ಅಲ್ಲೇ ಬುಗುರಿ ಆಡುತ್ತಿದ್ದರು. ಬುಗುರಿ ಉರುಳಿ ಒಳಗೆ ಬಿತ್ತು. ಚೆನ್ನು ಕಂಟಿ ಸರಿಸಿ ಇಳಿದ. ಬಸು ಬಾಯಿಯ ಹತ್ತಿರ ಬೋರಲು ಮಲಗಿ ಒಳಗೆ ತಲೆ ಹಾಕಿ ನೋಡುತ್ತಿದ್ದ.

ನಾನು ಉಪ್ಪಿನಕಾಯಿ ಬಡಿಸುತ್ತಿದ್ದೆ. ಹೊರಗೆ ಚೆನ್ನುವಿನ ದನಿ ಕೇಳದೆ ಹೋದದ್ದಕ್ಕೆ ಭಾವ ತಲೆ ಎತ್ತಿದರು. ಓಡಿ ಹೋಗುವಷ್ಟರಲ್ಲಿ ಬಸು ಅಲ್ಲಿಯೇ ಮೂರ್ಛೆ ಹೋಗಿ ಬಿದ್ದಿದ್ದ. ಇಳಿಸಿದ ಕಂದೀಲು ಆರಿತು. ಬೇವಿನ ಕೊಂಬೆ ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸಿ ಗಾಳಿ ತೂರಿದರು, ಕೊಡಗಟ್ಟಲೆ ನೀರು ಸುರಿದರು. ಕೊನೆಗೆ ಭಾವ ಒದ್ದೆ ಬಟ್ಟೆ ಮುಖಕ್ಕೆ ಸುತ್ತಿಕೊಂಡು ತಾವೇ ಇಳಿದು ಮಗನನ್ನು ಹೆಗಲ ಮೇಲೆ ತಂದರು. ಅಂಗೈಯಲ್ಲಿ ಬುಗುರಿ ಹಾಗೇ ಇತ್ತು. ಅಂದೇ ಸಂಜೆ ಹೊಲದಲ್ಲಿ ಮಣ್ಣು ಕೊಟ್ಟರು.

ಬಸುವಿಗೆ ಎಚ್ಚರವಾದದ್ದು ಮರುದಿನ. ಕಣ್ಣು ಬಿಟ್ಟವನೇ ಕೇಳಿದ್ದು ಒಂದೇ ಮಾತು: "ಚೆನ್ನು ಎಲ್ಲಿ?"

ಅಕ್ಕ ಗೋಡೆಗೆ ತಿರುಗಿ ಕುಳಿತಳು. ಆಯಿ ಮುಂದೆ ಬಂದು ಅವನ ತಲೆ ಸವರಿದರು. "ಧಾರವಾಡಕ್ಕ ಹೋಗ್ಯಾನ, ಸಾಲಿ ಕಲಿಯಾಕ. ಅಜ್ಜನ ಮನ್ಯಾಗ ಅದಾನ. ಪಂಚಮಿಗೆ ಬರ್ತಾನ."

ಹೊರಗೆ ಬಂದು ನಮ್ಮನ್ನೆಲ್ಲ ಕಟ್ಟೆಯ ಮೇಲೆ ಕೂಡಿಸಿಕೊಂಡು ಹೇಳಿದರು. "ಅವಳಿ ಒಬ್ಬಾಂವ ಹೋದ ಅಂದ್ರ ಒಂದು ವರ್ಷ ಭಾಳ ಕೆಟ್ಟದು. ಹೋದಾಂವಗ ಹಸಿವ್ಯಾತು, ನನ್ನ ಮರತ್ರು ಅನಿಸ್ತು ಅಂದ್ರ ಇದ್ದಾಂವನ್ನ ಕರೀತಾನ. ವರ್ಷ ತುಂಬೂತನಕ ಚೆನ್ನು ಮನ್ಯಾಗ ಅದಾನ ಅಂತ ನಡೀಬೇಕು. ಎರಡು ತಾಟು, ಎರಡು ಹಾಸಗಿ, ಎರಡು ಅಂಗಿ. ಇದ್ದೊಂದು ಕೂಸರ ಉಳೀಲಿ." ಕೆಡುಕು ಬಯಸಿ ಹೇಳಿದ ಮಾತಲ್ಲ ಅದು. ಮೊಮ್ಮಗನನ್ನು ಉಳಿಸಿಕೊಳ್ಳಲು ಆಕೆಗೆ ಗೊತ್ತಿದ್ದ ದಾರಿ ಅದೊಂದೇ.

ಹಾಗೆ ಎರಡು ತಾಟು ಶುರುವಾಯಿತು. ಬಸುವಿನ ಪಕ್ಕ ಚೆನ್ನುವಿನ ತಾಟು, ಅದರಲ್ಲಿ ರೊಟ್ಟಿ, ಪಲ್ಯ, ಪಕ್ಕದಲ್ಲಿ ಲೋಟ ತುಂಬ ಮಜ್ಜಿಗೆ. ಬಡಿಸಿದ್ದನ್ನು ದನಕ್ಕೆ ಹಾಕಬಾರದು, ಚೆಲ್ಲಬಾರದು, ಬೇರೆಯವರು ತಿನ್ನಬಾರದು ಎಂದರು ಆಯಿ. ಉಳಿದವನು ಬಸು ಒಬ್ಬನೇ. ಎರಡೂ ತಾಟಿಗೆ ಅರ್ಧರ್ಧ ಹಾಕಿಸಿಕೊಂಡು ಅವನೇ ಉಣ್ಣುತ್ತಿದ್ದ. ಮಜ್ಜಿಗೆಯನ್ನು ಮೂಗು ಮುಚ್ಚಿಕೊಂಡು ಕುಡಿದು, ಕೈತೊಳೆಯುವ ನೆವದಲ್ಲಿ ದನದ ಕೊಟ್ಟಿಗೆಯ ಹಿಂದೆ ಹೋಗಿ ಕಾರಿಕೊಳ್ಳುತ್ತಿದ್ದ. ನಾನು ಬೆನ್ನು ನೀವುತ್ತ ನಿಲ್ಲುತ್ತಿದ್ದೆ. "ಬ್ಯಾಡಾದ್ರ ಬಿಡೋ, ನಾ ಆಯಿಗೆ ಹೇಳ್ತೇನಿ" ಎಂದರೆ ತಲೆ ಅಲ್ಲಾಡಿಸುತ್ತಿದ್ದ.

ಮಳೆ ಹಿಡಿಯಿತು. ಎರೆ ಮಣ್ಣು ಕಾಲಿಗೆ ಮೆತ್ತಿಕೊಂಡು ಮನೆಯೊಳಗೆಲ್ಲ ಹೆಜ್ಜೆ ಮೂಡಿಸುವ ದಿನಗಳು. ಮಣ್ಣೆತ್ತಿನ ಅಮಾವಾಸ್ಯೆಗೆ ಬಸು ಜೋಡೆತ್ತು ಮಾಡಲು ಕುಳಿತ. ಒಂದು ಎತ್ತು ತಾನು ಮಾಡಿದ, ನೀಟಾಗಿ. ಇನ್ನೊಂದನ್ನು ಚೆನ್ನು ಮಾಡುವ ಹಾಗೆ ದೊಡ್ಡ ಹಿಣಿಲು, ಸೊಟ್ಟ ಕೋಡು ಇಟ್ಟು ಮಾಡಿದ. ಆಮೇಲೆ ಕೈ ಎತ್ತಿ, ಅಗಸೆಗೆ ಕೇಳುವ ದನಿಯಲ್ಲಿ, "ಅವ್ವಾ, ನನ್ನ ಎತ್ತ ನೋಡ ಬಾ, ಬಸ್ಯಾಂದು ಆಕಳ ಕರ ಆಗೇತಿ" ಎಂದು ಕೂಗಿದ.

ಅಕ್ಕ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಬಾಗಿಲಲ್ಲಿ ನಿಂತು ಅವನನ್ನು ನೋಡಿದಳು. "ಚೆನ್ನೂ" ಎಂದಳು. ಅವನು "ಹೂಂ" ಎಂದ. ಮಗ ಸತ್ತಾಗಿನಿಂದ ನಗದ ಅಕ್ಕ ಅವತ್ತು ನಕ್ಕಳು. ನಗುತ್ತಲೇ ಅವನನ್ನು ಅಪ್ಪಿಕೊಂಡು ಅತ್ತಳು. ಸಿನಿಮಾದಲ್ಲಿ ಹೆದರುವ ಮಕ್ಕಳಿಗೆ ನಾನು ಇದನ್ನು ಹೇಗೆ ತಿಳಿಸಲಿ? ಅಕ್ಕನ ಮನೆಯಲ್ಲಿ ಹೆದರಿಕೆ ಹುಟ್ಟಿದ್ದು ಒಬ್ಬ ತಾಯಿ ನಕ್ಕದ್ದರಿಂದ.

ಅಲ್ಲಿಂದ ಮುಂದೆ ದೀಪ ಹಚ್ಚುವ ಹೊತ್ತು ಅಕ್ಕನ ಪಾಲಿಗೆ ಹಬ್ಬದ ಹೊತ್ತಾಯಿತು. ಬಸುವನ್ನು ಮುಂದೆ ಕೂಡಿಸಿಕೊಂಡು, ತಲೆಗೆ ಎಣ್ಣೆ ಹಚ್ಚುತ್ತ, "ಬಸ್ಯಾ, ನೀ ಸರಿ. ಚೆನ್ನೂನ ಕರಿ" ಎನ್ನುತ್ತಿದ್ದಳು. ಹುಡುಗ ಕಾಲರು ಬಾಯಿಂದ ಬಿಡುತ್ತಿದ್ದ. ಬೆನ್ನು ನೆಟ್ಟಗಾಗುತ್ತಿತ್ತು, ದನಿ ಏರುತ್ತಿತ್ತು, ತಂಟೆ ಮಾತು ಶುರುವಾಗುತ್ತಿತ್ತು. ಅಕ್ಕ ಬೈಯುತ್ತಿದ್ದಳು, ಮುದ್ದಿಸುತ್ತಿದ್ದಳು. ಭಾವ ಹೊರಕಟ್ಟೆಯ ಮೇಲೆ ಕುಳಿತು ಆ ದನಿ ಕೇಳುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಆಯಿ ಮಾತ್ರ ಎಲೆ ಅಡಿಕೆ ಮರೆತು ಕುಳಿತಿರುತ್ತಿದ್ದರು. ತಾಟು ಇಡಿ ಎಂದವರು ಆಕೆ, ಇದನ್ನು ಹೇಳಿರಲಿಲ್ಲ.

ಪಂಚಮಿ ಬಂತು, ಹೋಯಿತು. ಚೆನ್ನು ಯಾಕೆ ಬರಲಿಲ್ಲ ಎಂದು ಬಸು ಕೇಳಲಿಲ್ಲ. ಆ ವಾರವೇ ಶಾಲೆಯ ಮಾಸ್ತರರು ದಾರಿಯಲ್ಲಿ ಸಿಕ್ಕು, ಹುಡುಗ ಬಸು ಎಂದು ಕರೆದರೆ ತಿರುಗಿ ನೋಡುವುದಿಲ್ಲ ಎಂದರು. ನನಗೆ ತಡೆಯಲಾಗಲಿಲ್ಲ. ಅವನನ್ನು ಹೊಲಕ್ಕೆ ಕರೆದುಕೊಂಡು ಹೋದೆ. ಶೇಂಗಾ ಮೊಣಕಾಲೆತ್ತರ ಬಂದಿತ್ತು. ಬದುವಿನ ಮೇಲೆ ಕೂಡಿಸಿಕೊಂಡು ಹೇಳಿದೆ.

"ಬಸೂ, ಚೆನ್ನು ಧಾರವಾಡದಾಗಿಲ್ಲೋ. ಅಂವ ಸತ್ತಾನ."

"ಗೊತ್ತೈತಿ ಚಿಗವ್ವ. ನಾ ನೋಡೇನಲ್ಲ. ನನ್ನ ಕಡೆ ಕೈ ಮಾಡಿದ, ಆಮ್ಯಾಲ ಮಕ್ಕೊಂಡ."

ಅವನ ಕೈ ಹಿಡಿದು ಕೇಳಿದೆ. "ಮತ್ಯಾಕ ಅವನಂಗ ಮಾತಾಡ್ತಿ?"

ಕಾಲರು ಕಚ್ಚಿಕೊಂಡು ಶೇಂಗಾ ಎಲೆ ಹರಿಯುತ್ತ ಕುಳಿತ. "ನಾ ಬಸೂ ಆದ್ರ ಅವ್ವ ನಗಂಗಿಲ್ಲ" ಎಂದ.

ಆ ಮಗುವನ್ನು ಉಳಿಸಬೇಕು ಎಂದು ಅಲ್ಲಿಯೇ ನಿಶ್ಚಯಿಸಿದೆ. ಸಾವಿನಿಂದಲ್ಲ, ಆ ಮನೆಯ ಪ್ರೀತಿಯಿಂದ. ಸಂಜೆ ಅಕ್ಕನಿಗೆ ಎಲ್ಲ ಹೇಳಿದೆ. ಆಕೆ ಅಳುತ್ತಾಳೆ, ಎಚ್ಚರಾಗುತ್ತಾಳೆ ಎಂದುಕೊಂಡಿದ್ದೆ. ಆಕೆ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಅಷ್ಟು ನನಗ ತಿಳಿಯೂದಿಲ್ಲೇನ? ಹಡದಾಕಿ ನಾ."

"ತಿಳದೂ ಹಿಂಗ ಮಾಡ್ತೀ? ಕೂಸು ಹಾಳಾಗಾಕತ್ತೇತಿ ಅಕ್ಕಾ."

"ಇಬ್ಬರನೂ ಹೊಟ್ಟ್ಯಾಗ ಇಟ್ಕೊಂಡಿದ್ದೆ. ಈಗ ಇಬ್ಬರೂ ಅವನೊಬ್ಬನ ಮೈಯಾಗ ಅದಾರ. ದಿನಕ್ಕೊಮ್ಮೆ ನನ್ನ ಚೆನ್ನೂನ ನೋಡ್ತೇನಿ. ನೀ ಯಾಕ ಅವನ್ನ ಕಸಗೊಳ್ಳಾಕ ಬಂದಿ?"

ಆಮೇಲೆ ಅಕ್ಕ ನನ್ನೊಡನೆ ಎಷ್ಟೋ ದಿನ ನೆಟ್ಟಗೆ ಮಾತಾಡಲಿಲ್ಲ. ಅಪ್ಪನಿಗೆ ಹೇಳಿ ಕಳಿಸಿದೆ. ದಸರೆಗೆ ಕರೆಯಲು ಬಂದ ಅಪ್ಪ, ಹುಡುಗ ಧಾರವಾಡದಲ್ಲೇ ಓದಲಿ ಎಂದು ಭಾವನನ್ನು ಒಪ್ಪಿಸಿದರು. ಭಾವ ತಕ್ಷಣ ಹೂಂ ಎಂದರು. ಅಕ್ಕ ಒಳಗಿನಿಂದ ಹೊರಗೆ ಬರಲೇ ಇಲ್ಲ.

ಧಾರವಾಡದ ನಮ್ಮ ಮನೆಯಲ್ಲಿ ಆ ಕೆಲವು ದಿನ ಅವನು ಬಸುವಾಗಿದ್ದ. ನಮ್ಮ ಅವ್ವ ಮೊದಲ ದಿನ ಮಜ್ಜಿಗೆ ಹಾಕಲು ಬಂದಾಗ ತಾಟಿನ ಮೇಲೆ ಕೈ ಅಡ್ಡ ಹಿಡಿದು, ಮೆಲ್ಲಗೆ, "ನನಗ ಸೇರಂಗಿಲ್ಲ, ಹಾಲು ಹಾಕ್ರಿ" ಎಂದ. ನಾನು ಅಡುಗೆಮನೆಗೆ ಓಡಿ ಕಣ್ಣು ಒರೆಸಿಕೊಂಡೆ. ಒಂದು ತಾಟು, ಒಂದು ಲೋಟ. ಬನ್ನಿ ಕೊಡಲು ಓಣಿಯ ಮಕ್ಕಳೊಡನೆ ಮನೆಮನೆಗೆ ಹೋಗಿ ಬಂದ. ಬರುವಾಗ ತನ್ನ ಪಾಡಿಗೆ ಏನೋ ಗುನುಗುತ್ತಿದ್ದ. ಗೆದ್ದೆ ಎಂದುಕೊಂಡೆ, ಹುಚ್ಚಿ.

ಸೀಗೆ ಹುಣ್ಣಿಮೆಗೆ ಮೊದಲು ಅಕ್ಕ ಬಂದಳು. ಸೊಂಟ ಹಿಡಿದುಕೊಂಡು ಹೊಸ್ತಿಲ ಆಚೆ ನಿಂತಳು, ಒಳಗೆ ಬರಲಿಲ್ಲ. ಇಳಿದುಹೋಗಿದ್ದಳು. ಬಸು ಅಂಗಳದ ಮೂಲೆಯಲ್ಲಿ ಓದುತ್ತಿದ್ದ. ಆಕೆ ಅವನ ಹೆಸರು ಹಿಡಿಯಲಿಲ್ಲ.

"ಚೆನ್ನೂ" ಎಂದಳು.

ಹುಡುಗ ನನ್ನನ್ನು ನೋಡಿದ. ನಾನು ತಲೆ ಅಲ್ಲಾಡಿಸಿದೆ, ಬೇಡ ಎಂದು. ಅವನು ಪುಸ್ತಕ ಮುಚ್ಚಿಟ್ಟ. ಕಾಲರನ್ನು ಬಾಯಿಂದ ತೆಗೆದ, ಬೆನ್ನು ನೆಟ್ಟಗೆ ಮಾಡಿದ. ಬಿಸಿಲಲ್ಲಿ ಬಂದ ಮಗಳಿಗೆಂದು ನಮ್ಮ ಅವ್ವ ಲೋಟದಲ್ಲಿ ಮಜ್ಜಿಗೆ ತಂದಿದ್ದಳು. ಅವನು ನಡುವೆ ಬಂದು ಅದನ್ನು ಇಸಿದುಕೊಂಡು, ತಾಯಿಯ ಮುಖ ನೋಡುತ್ತ, ತಳ ಕಾಣುವವರೆಗೆ ಕುಡಿದ. ನಾನು ಕಾದೆ. ಅವನು ಹಿತ್ತಿಲಿಗೆ ಓಡಲಿಲ್ಲ. ತುಟಿ ಒರೆಸಿಕೊಂಡು, "ನಡಿ ಅವ್ವಾ" ಎಂದು ದೊಡ್ಡ ದನಿಯಲ್ಲಿ ಹೇಳಿ ಆಕೆಯ ಕೈಹಿಡಿದು ಹೊರಟ. ಅಪ್ಪ ಎರಡು ಹೆಜ್ಜೆ ಮುಂದೆ ಹೋಗಿ ನಿಂತುಬಿಟ್ಟರು. ಹೆತ್ತವಳ ಕೈಯಿಂದ ಮಗುವನ್ನು ಕಸಿಯುವುದು ಹೇಗೆ?

ವರ್ಷ ತುಂಬಿದ ದಿನ ನಾನೂ ಹೆಬ್ಬಳ್ಳಿಗೆ ಹೋಗಿದ್ದೆ. ಸ್ವಾಮಿಗಳನ್ನು ಕರೆಸಿ ಪಾದಪೂಜೆ ಮಾಡಿದರು. ಭಾವ ಆ ಹಗೇವನ್ನು ಯಾವಾಗಲೋ ಕಲ್ಲುಮಣ್ಣು ತುಂಬಿ ಮುಚ್ಚಿಬಿಟ್ಟಿದ್ದರು, ಮೇಲೆ ಹುಲ್ಲು ಬಂದಿತ್ತು. ಊಟಕ್ಕೆ ಕೂಡುವಾಗ ಆಯಿಯ ಮುಖದಲ್ಲಿ ಒಂದು ಗೆಲುವು. ಮೊಮ್ಮಗ ಉಳಿದಿದ್ದ. ತಾವೇ ಬಂದು ಎರಡನೆಯ ತಾಟು ಎತ್ತಿಟ್ಟರು. "ಸಾಕು ಇನ್ನ. ಬಾರೋ ಬಸೂ, ನಿನ್ನ ತಾಟಿಗೆ ಕೂಡು."

ಹುಡುಗ ಕದಲಲಿಲ್ಲ. ಆಯಿ ಎತ್ತಿಟ್ಟ ತಾಟನ್ನು ತಂದು ಚೆನ್ನುವಿನ ಜಾಗದಲ್ಲಿ ಹಾಕಿಕೊಂಡ, ಬಸುವಿನದನ್ನು ಪಕ್ಕಕ್ಕೆ ಸರಿಸಿದ.

"ಬಸು ಇಲ್ಲ ಆಯಿ" ಎಂದ. "ಧಾರವಾಡಕ್ಕ ಹೋಗ್ಯಾನ, ಸಾಲಿ ಕಲಿಯಾಕ."

ಆಯಿ ಹಣೆ ಹಣೆ ಬಡಿದುಕೊಂಡರು. ವಿಭೂತಿಯೆಲ್ಲ ಅಂಗೈಗೆ ಬಂತು. ಎಷ್ಟು ಗೋಗರೆದರು, ಎಷ್ಟು ಹೆದರಿಸಿದರು. ಭಾವ ಜೀವಮಾನದಲ್ಲಿ ಮೊದಲ ಸಲ ಮಗನ ಮೇಲೆ ಕೈ ಮಾಡಿದರು. ಏನೂ ಆಗಲಿಲ್ಲ. ಅಕ್ಕ ಒಬ್ಬಳೇ ಸುಮ್ಮನೆ ಬಂದು ಅವನ ಲೋಟಕ್ಕೆ ಮಜ್ಜಿಗೆ ಹಾಕಿದಳು. ಆ ಕ್ಷಣ ಅಕ್ಕನನ್ನು ನಾನು ದ್ವೇಷಿಸಿದೆ. ಈಗ ಅಷ್ಟು ಶಕ್ತಿ ಉಳಿದಿಲ್ಲ.

ನಾನು ಅದೇ ವರ್ಷ ಮದುವೆಯಾಗಿ ಹುಬ್ಬಳ್ಳಿಗೆ ಬಂದೆ. ಹುಡುಗ ಬೆಳೆದ, ಹೊಲ ನೋಡಿಕೊಂಡ, ಲಗ್ನವಾದ. ಎಲ್ಲರಂತೆ ಬದುಕಿದ. ಊರಿಗೆ ಅವನು ಚೆನ್ನಪ್ಪ. ಸತ್ತವನು ಯಾರೆಂದು ಕೇಳಿದರೆ ಈಗ ಹೆಬ್ಬಳ್ಳಿಯಲ್ಲಿ ಹೇಳುವವರು ಬಸು ಎಂದೇ ಹೇಳುತ್ತಾರೆ. ಅಕ್ಕ ಹಾಸಿಗೆ ಹಿಡಿದಾಗ ನಾನು ಹೋಗಿದ್ದೆ. ಕೊನೆಕೊನೆಗೆ ಆಕೆ ಬಸೂ ಬಸೂ ಎಂದು ಕನವರಿಸಿದಳು, ಬಸೂನ ಕರೀರಿ, ಒಮ್ಮೆ ನೋಡ್ತೇನಿ ಎಂದಳು. ಅವನು ಪಕ್ಕದಲ್ಲೇ ಕುಳಿತು ಆಕೆಯ ಪಾದ ಒತ್ತುತ್ತಿದ್ದ. "ಕರಸ್ತೇನಿ ಸುಮ್ನಿರವಾ" ಎಂದ. ಆಕೆ ಕಾಯುತ್ತಲೇ ಹೋದಳು.

ಪೇಟೆಯಿಂದ ಅವನು ಬಂದಾಗ ಸಿನಿಮಾ ಇನ್ನೂ ನಡೆದಿತ್ತು. ನರೆತ ಮೀಸೆ, ಅಗಲ ಹೆಗಲು, ದೊಡ್ಡ ದನಿ. "ದೊಡ್ಡಪ್ಪಾ, ಇವರಾಗ ಸತ್ತಾಂವ ಯಾರು ಹೇಳ್ರಿ ನೋಡೋಣು" ಎಂದಳು ಮೊಮ್ಮಗಳು. ಅವನು ಒಂದು ಗಳಿಗೆ ನಿಂತು ನೋಡಿ, "ನಮಗೆಲ್ಲಿ ತಿಳೀತೈತಿ ತಂಗಿ ಇದೆಲ್ಲ" ಎಂದು ಕಾಲು ತೊಳೆಯಲು ಹೋದ.

ಊಟಕ್ಕೆ ಬಡಿಸಿದೆ. ಬಿಸಿರೊಟ್ಟಿ, ಎಣ್ಣೆಗಾಯಿ. ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದೆವು. ಬಿಚ್ಚಿದ ಚೀಲದ ವಾಸನೆ ಇನ್ನೂ ಹಾಗೇ ಇತ್ತು. ಇಷ್ಟು ವರ್ಷ ಕರೆಯದ ಹೆಸರು ಬಾಯಿಗೆ ಬಂತು, ತಡೆಯಲಿಲ್ಲ.

"ಬಸೂ" ಎಂದೆ.

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ನನ್ನ ಮುಖವನ್ನು ನೋಡಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ, ಮುದುಕಿಯೊಬ್ಬಳನ್ನು ಸಮಾಧಾನ ಮಾಡುವವನ ಕನಿಕರವಿತ್ತು.

"ಅಂವ ಧಾರವಾಡದಾಗ ನಿನ್ನ ಕಡೇನ ಉಳದ್ನಲ್ಲ ಚಿಗವ್ವ" ಎಂದ. "ನಾ ಒಬ್ಬನ ಅವ್ವನ ಕೂಡ ಊರಿಗೆ ಬಂದೆ."

ಆಮೇಲೆ ಲೋಟ ಮುಂದೆ ಮಾಡಿದ, ಮಜ್ಜಿಗೆ ಹಾಕು ಎಂದು. ನಾನು ಹಾಕಿದೆ. ಅವನು ತಳ ಕಾಣುವವರೆಗೆ ಕುಡಿದ.